ಹೆಬ್ಬಾರರ ಗೆರೆ ಕುಣಿಯಲು ಕಲಿತದ್ದು

ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಮುಂಬೈಗೆ ಹೋಗಿ ದೊಡ್ಡ ಚಿತ್ರಕಲಾವಿದರಾದ ಕೆ.ಕೆ. ಹೆಬ್ಬಾರರು ಅಲ್ಲಿ ಎರಡು ವರ್ಷ ಕಥಕ್ ಕಲಿತರು. ಅವರಿಗೆ ಕಲಿಸಿದವರು ಜೈಪುರ ಘರಾಣೆಯ ಪಂಡಿತ ಸುಂದರ ಪ್ರಸಾದ್. ಹೆಬ್ಬಾರರಿಗೆ ರಂಗದ ಮೇಲೆ ಕುಣಿಯುವ ಉದ್ದೇಶವಿರಲಿಲ್ಲ. ಲಯ ಎಂದರೇನು ಎಂಬುದನ್ನು ತಿಳಿದುಕೊಳ್ಳಬೇಕಾಗಿತ್ತು, ಅಷ್ಟೆ. ಚಿತ್ರದಲ್ಲಿ ಲಯವಿದೆ ಎಂದು ಎಲ್ಲರೂ ಹೇಳುತ್ತಾರೆ. ವಿಮರ್ಶಕರು ಬರೆಯುತ್ತಾರೆ, ಮೇಷ್ಟರು ತರಗತಿಯಲ್ಲಿ ಹೇಳಿಕೊಡುತ್ತಾರೆ. ಆದರೆ ಕದಲದೆ ಗೋಡೆಯ ಮೇಲೆ ತೂಗುವ ವಸ್ತುವಿಗೆ ಲಯ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಹುಡುಕುವ ಬದಲು ಹೆಬ್ಬಾರರು ತಮ್ಮ ಕಾಲಿನಲ್ಲಿ ಹುಡುಕಿದರು.

1964ರಲ್ಲಿ ಅವರ ರೇಖಾಚಿತ್ರಗಳ ಪುಸ್ತಕವೊಂದು ಹೊರಬಂತು. ಹೆಸರು 'ದಿ ಸಿಂಗಿಂಗ್ ಲೈನ್', ಅಂದರೆ ಹಾಡುವ ಗೆರೆ. ಆಮೇಲೆ ಆ ಹೆಸರು ಅವರಿಗೇ ಅಂಟಿಕೊಂಡಿತು. ಇಂದಿಗೂ ಹೆಬ್ಬಾರರು ಎಂದರೆ ಬಣ್ಣದ ದೊಡ್ಡ ಕ್ಯಾನ್ವಾಸುಗಳಷ್ಟೇ ಬೇಗ ನೆನಪಾಗುವುದು ಆ ಗೆರೆಗಳು: ನಾಲ್ಕಾರು ಎಳೆಯಲ್ಲಿ ನಿಂತ ನರ್ತಕಿ, ತಂಬೂರಿ ಹಿಡಿದ ಗಾಯಕ, ಸುತ್ತು ಹೊಡೆಯುತ್ತಿರುವ ಲಂಗ. ಆ ಗೆರೆ ಹಾಡಿತು ಎನ್ನುವುದಕ್ಕಿಂತ ಕುಣಿಯಿತು ಎಂದರೆ ಹೆಚ್ಚು ಸರಿ ಎಂದು ನನಗೆ ಅನಿಸುತ್ತದೆ. ಅದು ಕುಣಿಯಲು ಹೇಗೆ ಕಲಿತಿತು ಎಂಬುದೇ ಅವರ ಬದುಕಿನ ಕಥೆಯ ಒಂದು ಮುಖ್ಯ ಭಾಗ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರ ಜೂನ್ 15ರಂದು. ಮನೆಮಾತು ತುಳು. ಆ ಸೀಮೆಯ ಬಗ್ಗೆ ಕರಾವಳಿಯ ಓದುಗರಿಗೆ ನಾನು ಹೇಳಬೇಕಾದ್ದಿಲ್ಲ. ಸುಗ್ಗಿ ಮುಗಿದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ, ರಾತ್ರಿಯಿಡೀ ಚೆಂಡೆ ಮದ್ದಳೆ. ದೈವದ ಕೋಲ, ಕಂಬಳ, ಕೋಳಿ ಅಂಕ. ಒಂದು ವರ್ಷದಲ್ಲಿ ಆ ಊರಿನ ಹುಡುಗ ನೋಡುವ ಕುಣಿತಗಳ ಬಗೆ, ಪಟ್ಟಣದ ಹುಡುಗ ಜೀವಮಾನದಲ್ಲಿ ನೋಡುವುದಕ್ಕಿಂತ ಹೆಚ್ಚು.

ಅವುಗಳಲ್ಲಿ ನಾಗಮಂಡಲವನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಮೊದಲು ನೆಲದ ಮೇಲೆ ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು, ಹೀಗೆ 5 ಬಣ್ಣದ ಪುಡಿಗಳಿಂದ ಹಾವಿನ ಸುರುಳಿಗಳನ್ನು ಬಿಡಿಸುತ್ತಾರೆ. 16 ಗಂಟಿದ್ದರೆ ಪೂರ್ಣ ಮಂಡಲ, 8 ಇದ್ದರೆ ಅರ್ಧ, 4 ಇದ್ದರೆ ಕಾಲು. ಒಂದು ಸುರುಳಿ ಇನ್ನೊಂದರ ಕೆಳಗೆ ನುಸುಳಿ, ಮೇಲೆ ಬಂದು, ಮತ್ತೆ ತಿರುಗಿ ಗಂಟಾಗುವ ಆ ಚಿತ್ರ ಬಿಡಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಅದು ಮುಗಿದ ಮೇಲೆ ನಾಗಪಾತ್ರಿ ಮತ್ತು ಡಕ್ಕೆ ಹಿಡಿದ ವೈದ್ಯರು ಆ ಚಿತ್ರವನ್ನೇ ಸುತ್ತಿ ಕುಣಿಯುತ್ತಾರೆ. ಬೆಳಗಾಗುವಾಗ ಚಿತ್ರ ಅಳಿಸಿ, ಆ ಪುಡಿಯೇ ಪ್ರಸಾದವಾಗುತ್ತದೆ. ಗೆರೆಯೂ ಕುಣಿತವೂ ಎರಡು ಬೇರೆ ಕಲೆಗಳು ಎಂದು ಅಲ್ಲಿ ಯಾರಿಗೂ ಅನಿಸುವುದಿಲ್ಲ. ಗೆರೆ ಕುಣಿತದ ನಕ್ಷೆ, ಕುಣಿತ ಗೆರೆಯ ಓದು. ಇಂಥ ಸೀಮೆಯಲ್ಲಿ ಬೆಳೆದವರಿಗೆ ಮುಂದೆ ಚಿತ್ರಕ್ಕಾಗಿ ನೃತ್ಯ ಕಲಿಯಬೇಕು ಎಂದು ತೋಚಿದರೆ ಅದರಲ್ಲಿ ಅಚ್ಚರಿಯಿಲ್ಲ.

ಆದರೆ ಅಲ್ಲಿಗೆ ತಲುಪಲು ಅವರು ದೂರದ ದಾರಿ ಹಿಡಿಯಬೇಕಾಯಿತು. ಚಿತ್ರ ಕಲಿಯಲೆಂದು ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಅಲ್ಲಿಂದ ಮುಂಬೈ. ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಿಂದ ಡಿಪ್ಲೊಮಾ ಪಡೆದರು, ಮುಂದೆ ಕೆಲವು ವರ್ಷ ಅದೇ ಶಾಲೆಯಲ್ಲಿ ಪಾಠವನ್ನೂ ಹೇಳಿದರು. ಹೊರನಾಡಿಗೆ ಹೋದ ಕನ್ನಡಿಗನೊಬ್ಬನಿಗೆ ಆ ಕಾಲದಲ್ಲಿ ಇದು ಸಣ್ಣ ಗೆಲುವಲ್ಲ. ಕರಾವಳಿಯಿಂದ ಮುಂಬೈಗೆ ಹೋದವರಿಗೆ ಆಗ ತೆರೆದಿದ್ದ ಬಾಗಿಲುಗಳು ಹೆಚ್ಚಾಗಿ ಹೋಟೆಲು, ಅಂಗಡಿ, ಕಚೇರಿಯ ಗುಮಾಸ್ತಿಕೆ. ಕುಂಚ ಹಿಡಿದು ಬದುಕುತ್ತೇನೆ ಎಂದು ಹೊರಟವನಿಗೆ ಊರಿನಲ್ಲಿ ಹೆಣ್ಣು ಕೊಡಲೂ ಯೋಚಿಸುವ ಕಾಲ.

ಜೆ.ಜೆ. ಶಾಲೆಯ ಶಿಕ್ಷಣ ಬ್ರಿಟಿಷ್ ಅಕಾಡೆಮಿಗಳ ಮಾದರಿಯದು. ಎದುರಿಗೆ ಮಾಡೆಲ್ ಕುಳಿತಿರುತ್ತದೆ. ವಿದ್ಯಾರ್ಥಿ ಪೆನ್ಸಿಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಳತೆ ತೆಗೆಯುತ್ತಾನೆ. ತಲೆ ಎಷ್ಟು, ಮುಂಡ ಎಷ್ಟು, ಬೆಳಕು ಯಾವ ಕಡೆಯಿಂದ, ನೆರಳು ಎಲ್ಲಿಗೆ. ಶಿಸ್ತಿನ ವಿದ್ಯೆ ಅದು, ಕೈಗೆ ಒಳ್ಳೆಯ ಹದ ಕೊಡುತ್ತದೆ. ಆದರೆ ಅದರ ಮೊದಲ ಷರತ್ತೇ ಎದುರಿಗಿರುವ ದೇಹ ಅಲುಗಬಾರದು ಎಂಬುದು. ರಾತ್ರಿಯಿಡೀ ಅಲುಗುವ ದೇಹಗಳನ್ನು ನೋಡಿ ಬಂದವರಿಗೆ ಈ ವಿದ್ಯೆ ಒಂದು ಹಂತದ ನಂತರ ಸಾಲದಾಯಿತು.

ಹೆಬ್ಬಾರರು ಸುಮ್ಮನಿರಲಿಲ್ಲ. ಅಕಾಡೆಮಿಯ ನೆರಳು ಬೆಳಕನ್ನು ಬಿಟ್ಟು ಜೈನ ಹಸ್ತಪ್ರತಿಗಳ ಚಿತ್ರ, ರಜಪೂತ ಮತ್ತು ಮೊಘಲ್ ಕಿರುಚಿತ್ರಗಳು, ಅಜಂತಾ ಗೋಡೆಗಳ ಕಡೆ ತಿರುಗಿದರು. ಅಮೃತಾ ಶೇರ್‌ಗಿಲ್ ಮತ್ತು ಫ್ರಾನ್ಸಿನ ಪಾಲ್ ಗೋಗ್ಯಾನ್ ಅವರ ಪ್ರಭಾವವೂ ಅವರ ಮೇಲಾಯಿತು. ಕೇರಳದ ಜನಜೀವನವನ್ನು ಗಾಢ ಬಣ್ಣದ ಚಪ್ಪಟೆ ಹರವುಗಳಲ್ಲಿ ಬರೆದ ಅವರ 1940ರ ದಶಕದ ಚಿತ್ರಗಳು ಹೆಸರು ತಂದವು. 1947ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು. ಒಬ್ಬ ಕಲಾವಿದ ಇದೇ ಶೈಲಿಯನ್ನು ಹಿಡಿದು ಜೀವನಪರ್ಯಂತ ನೆಮ್ಮದಿಯಾಗಿ ಇರಬಹುದಿತ್ತು. ಕೊಳ್ಳುವವರು ಇದ್ದರು, ಮೆಚ್ಚುವವರು ಇದ್ದರು.

ಆ ಮುಂಬೈಯಲ್ಲಿ ಇನ್ನೊಂದು ಗಾಳಿಯೂ ಬೀಸುತ್ತಿತ್ತು. ಅದನ್ನು ಆಗಿನವರು ಬ್ಯಾಲೆ ಎಂದು ಕರೆಯುತ್ತಿದ್ದರು. ಯುರೋಪಿನ ಬ್ಯಾಲೆಯಂತೆ ಕಾಲ್ಬೆರಳ ತುದಿಯಲ್ಲಿ ನಿಲ್ಲುವ ನೃತ್ಯ ಇದಲ್ಲ. ಹಲವು ನೃತ್ಯಪ್ರಕಾರಗಳನ್ನು ಬೆರೆಸಿ, ಮಾತಿಲ್ಲದೆ, ಗುಂಪಿನ ಚಲನೆ, ಬೆಳಕು, ವೇಷಗಳಿಂದ ಒಂದು ಕಥೆಯನ್ನೋ ವಿಚಾರವನ್ನೋ ಹೇಳುವ ಭಾರತೀಯ ರಂಗಪ್ರಯೋಗ. ಇದರ ಮೂಲಪುರುಷ ಉದಯ ಶಂಕರ್. ವಿಶೇಷವೆಂದರೆ ಉದಯ ಶಂಕರ್ ಕೂಡ ಮೊದಲು ಚಿತ್ರ ಕಲಿಯಲೆಂದು 1918ರಲ್ಲಿ ಇದೇ ಜೆ.ಜೆ. ಶಾಲೆಗೆ ಬಂದವರು. ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಹೋದರು. ರಷ್ಯಾದ ಪ್ರಸಿದ್ಧ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರ ಕಣ್ಣಿಗೆ ಬಿದ್ದು, 1923ರಲ್ಲಿ ಅವರ ರಾಧೆಗೆ ಕೃಷ್ಣನಾಗಿ ಕುಣಿದರು. ಅಲ್ಲಿಗೆ ಕುಂಚ ಹಿಂದೆ ಸರಿಯಿತು. ಆದರೆ ಚಿತ್ರಕಾರನ ಕಣ್ಣು ಉಳಿಯಿತು. ಉದಯ ಶಂಕರ್ ರಂಗವನ್ನು ಒಂದು ಚೌಕಟ್ಟಿನಂತೆ ನೋಡಿದರು: ಯಾವ ಮೂಲೆ ಖಾಲಿ ಇರಬೇಕು, ಯಾವ ಗುಂಪು ತ್ರಿಕೋನವಾಗಬೇಕು, ಬಿಳಿ ಪರದೆಯ ಹಿಂದಿನ ನೆರಳು ಎಷ್ಟು ದೊಡ್ಡದಾಗಬೇಕು. ಅವರು 1948ರಲ್ಲಿ ತೆಗೆದ 'ಕಲ್ಪನಾ' ಚಲನಚಿತ್ರದಲ್ಲಿ ಇದೆಲ್ಲವನ್ನೂ ಕಾಣಬಹುದು. ಆ ಚಿತ್ರದ ಪ್ರತಿಗಳನ್ನು ಕಾಪಾಡಿದ್ದು ನಾನಿರುವ ಈ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. 2012ರಲ್ಲಿ ಅದು ಮರುಜೀವ ಪಡೆದದ್ದು ಇಲ್ಲಿಂದ ಹೋದ ಪ್ರತಿಗಳ ಬಲದಿಂದ.

ಉದಯ ಶಂಕರರ ಅಲ್ಮೋರಾ ಕೇಂದ್ರ ಮುಚ್ಚಿದ ಮೇಲೆ ಅಲ್ಲಿದ್ದ ಶಾಂತಿ ಬರ್ಧನ್ ಮುಂಬೈಗೆ ಬಂದರು. ಅಂಧೇರಿಯಲ್ಲಿದ್ದ ಇಪ್ಟಾ ತಂಡಕ್ಕೆ 1944ರಲ್ಲಿ 'ಸ್ಪಿರಿಟ್ ಆಫ್ ಇಂಡಿಯಾ' ಎಂಬ ಬ್ಯಾಲೆ ಕಟ್ಟಿಕೊಟ್ಟರು. 1950ರ ದಶಕದ ಆರಂಭದಲ್ಲಿ ತಮ್ಮ ಲಿಟ್ಲ್ ಬ್ಯಾಲೆ ಟ್ರೂಪ್‌ಗಾಗಿ ರಾಮಾಯಣವನ್ನು ಸಂಯೋಜಿಸಿದರು. ಅದರಲ್ಲಿ ನಟರೆಲ್ಲ ಸೂತ್ರದ ಗೊಂಬೆಗಳಂತೆ ಚಲಿಸುತ್ತಾರೆ. ಮೊಣಕೈ, ಮಣಿಕಟ್ಟು, ಕುತ್ತಿಗೆ ಒಂದೊಂದೂ ಬೇರೆಬೇರೆಯಾಗಿ ಎಳೆದ ಹಾಗೆ ಅಲುಗುತ್ತದೆ. ಮನುಷ್ಯದೇಹವನ್ನು ಸರಳ ಕೋನಗಳಿಗೆ ಇಳಿಸಿಬಿಟ್ಟ ವಿನ್ಯಾಸ ಅದು. ನಮ್ಮ ಕರಾವಳಿಯಲ್ಲಿ ಶಿವರಾಮ ಕಾರಂತರು ಯಕ್ಷಗಾನದ ಮಾತನ್ನು ಕಡಿಮೆ ಮಾಡಿ, ಹಾಡು, ಕುಣಿತ, ವೇಷದ ಬಣ್ಣಗಳಿಗೆ ಒತ್ತು ಕೊಟ್ಟು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಯಕ್ಷಗಾನ ಬ್ಯಾಲೆ ಎಂದು ಕರೆದದ್ದೂ ಇದೇ ಅಲೆಯ ಮುಂದುವರಿಕೆ. ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹೀಗೆ ಚಿತ್ರದವರು ನೃತ್ಯದ ಕಡೆಗೆ, ನೃತ್ಯದವರು ಚಿತ್ರದ ಕಡೆಗೆ ನೋಡುತ್ತಿದ್ದ ಕಾಲ ಅದು. ಉದಯ ಶಂಕರ್ ಚಿತ್ರಶಾಲೆಯಿಂದ ಹೊರಟು ರಂಗಕ್ಕೆ ಹೋದರು, ಮರಳಲಿಲ್ಲ. ಅದೇ ಶಾಲೆಯ ಹೆಬ್ಬಾರರು ನೃತ್ಯದವರೆಗೆ ಹೋಗಿ, ಬೇಕಾದ್ದನ್ನು ಕಲಿತು, ಕಾಗದಕ್ಕೆ ಮರಳಿದರು.

ಕಥಕ್ ಒಬ್ಬ ಚಿತ್ರಕಾರನಿಗೆ ಏನು ಕಲಿಸಬಹುದು? ಮೊದಲ ಪಾಠ ತತ್ಕಾರ. ನೆಟ್ಟಗೆ ನಿಂತು, ಪಾದವನ್ನು ಚಪ್ಪಟೆಯಾಗಿ ನೆಲಕ್ಕೆ ಬಡಿಯುವುದು. ತೀನ್‌ತಾಲದ 16 ಮಾತ್ರೆಗಳಿಗೆ ಬಲ, ಎಡ, ಬಲ, ಎಡ. ಮೊದಲು ನಿಧಾನವಾಗಿ, ಆಮೇಲೆ ಎರಡು ಪಟ್ಟು, ನಾಲ್ಕು ಪಟ್ಟು ವೇಗದಲ್ಲಿ. ನೋಡುವವರಿಗೆ ಇದು ಕಾಲಿನ ಕೆಲಸ. ಮಾಡುವವರಿಗೆ ಇದು ಭಾರದ ಲೆಕ್ಕ. ಬಲಗಾಲು ಏಳಬೇಕಾದರೆ ಅದಕ್ಕೆ ಮುಂಚೆ ಮೈಯ ಭಾರ ಎಡಗಾಲಿಗೆ ಜಾರಿರಬೇಕು. ಆ ಜಾರುವಿಕೆ ಕಣ್ಣಿಗೆ ಕಾಣುವುದಿಲ್ಲ, ಸೊಂಟಕ್ಕೆ ಗೊತ್ತಾಗುತ್ತದೆ. ಚಕ್ಕರ್ ಹೊಡೆಯುವಾಗ ಹಿಮ್ಮಡಿಯೇ ಕಂಬ, ಉಳಿದ ಮೈಯೆಲ್ಲ ಅದರ ಸುತ್ತ ಸುತ್ತುತ್ತದೆ. ಆಮೇಲೆ ತಿಹಾಯಿ: ಒಂದೇ ತುಣುಕು 3 ಬಾರಿ ಬಂದು, ಮೂರನೆಯದರ ಕೊನೆಯ ಹೆಜ್ಜೆ ತಾಳದ ಮೊದಲ ಮಾತ್ರೆಯಾದ ಸಮ್‌ನ ಮೇಲೆ ಬೀಳುತ್ತದೆ. ಅಲ್ಲಿ ನರ್ತಕ ತಟ್ಟನೆ ನಿಲ್ಲುತ್ತಾನೆ. ಕೈ ಗಾಳಿಯಲ್ಲಿ, ಗೆಜ್ಜೆ ಮೌನ. ಆದರೆ ಆ ನಿಲುವಿನಲ್ಲಿ ಹಿಂದಿನ ಇಡೀ ಓಟ ಇನ್ನೂ ತುಂಬಿಕೊಂಡಿರುತ್ತದೆ. ಸಭೆ ತಲೆದೂಗುವುದು ಆ ಕ್ಷಣಕ್ಕೆ.

ಚಿತ್ರಕಾರನಿಗೆ ಬೇಕಾದದ್ದು ಸರಿಯಾಗಿ ಆ ಕ್ಷಣ. ಕಾಗದದ ಮೇಲಿನ ಆಕೃತಿ ಎಂದಿಗೂ ನಿಂತೇ ಇರುತ್ತದೆ. ಅದು ಅಕಾಡೆಮಿಯ ಮಾಡೆಲ್ ನಿಂತ ಹಾಗೆ ನಿಂತಿದೆಯೋ ಸಮ್‌ಗೆ ಬಂದು ನಿಂತ ಹಾಗೆ ನಿಂತಿದೆಯೋ ಎಂಬುದರಲ್ಲಿ ಎಲ್ಲ ವ್ಯತ್ಯಾಸ ಇದೆ.

ಪಾಶ್ಚಾತ್ಯರಲ್ಲಿ ನೃತ್ಯಕ್ಕೆ ಮನಸೋತ ಚಿತ್ರಕಾರರು ಕಡಿಮೆಯಿಲ್ಲ. ಎಡ್ಗರ್ ಡೆಗಾ ಪ್ಯಾರಿಸ್ಸಿನ ಬ್ಯಾಲೆ ಹುಡುಗಿಯರನ್ನು ನೂರಾರು ಸಲ ಬರೆದರು, ಅದೂ ರಂಗದ ಮೇಲಿನ ಬೆರಗಿಗಿಂತ ತಾಲೀಮಿನ ಕೋಣೆಯ ಆಯಾಸವನ್ನು. ಶಿಲ್ಪಿ ರೋದ್ಯಾ 1906ರ ಜುಲೈಯಲ್ಲಿ ಫ್ರಾನ್ಸಿಗೆ ಬಂದ ಕಾಂಬೋಡಿಯಾದ ಅರಮನೆಯ ನರ್ತಕಿಯರನ್ನು ಕಂಡು ಮರುಳಾಗಿ, ಅವರ ಹಿಂದೆಯೇ ಪ್ಯಾರಿಸ್ಸಿನಿಂದ ಮಾರ್ಸೇಯವರೆಗೆ ಹೋಗಿ, ಸುಮಾರು 150 ಚಿತ್ರ ಬರೆದರು. ಕ್ಯಾಂಡಿನ್ಸ್ಕಿ 1926ರಲ್ಲಿ ಇನ್ನೊಂದು ತುದಿಗೆ ಹೋದರು. ಜರ್ಮನಿಯ ನರ್ತಕಿ ಗ್ರೆಟ್ ಪಾಲುಕ್ಕಾ ಅವರ 4 ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು, ಆ ಜಿಗಿತ ಬಾಗುಗಳನ್ನು ಕೆಲವೇ ಕಮಾನು, ನೇರ ಗೆರೆಗಳಿಗೆ ಇಳಿಸಿದರು. ಇವರೆಲ್ಲರ ಕೆಲಸ ದೊಡ್ಡದು. ಆದರೆ ಮೂವರೂ ನೋಡುಗರ ಜಾಗದಲ್ಲಿ ಕುಳಿತು ನೃತ್ಯವನ್ನು ಕಂಡವರು. ಹೆಬ್ಬಾರರು ಎದ್ದು ಗುರುವಿನ ಎದುರು ನಿಂತರು.

ಆ ನಿಲುವಿನ ಫಲವನ್ನು ಅವರ ಗೆರೆಗಳಲ್ಲಿ ಹುಡುಕಬಹುದು. ಚಿತ್ರಶಾಲೆಗಳಲ್ಲಿ ಒಂದು ಹಳೆಯ ಸೂತ್ರವಿದೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತ ಮನುಷ್ಯನ ಗಂಟಲ ಕುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಮೇಲೆ ಬೀಳಬೇಕು. ಬಿದ್ದರೆ ಆಕೃತಿ ಸ್ಥಿರ. ಆ ಗುಂಡು ಪಾದದಿಂದ ಸ್ವಲ್ಪ ಹೊರಗೆ ಸರಿಯಿತೆಂದರೆ ನೋಡುವವರ ಮೈ ತಾನಾಗಿ ಎಚ್ಚರಗೊಳ್ಳುತ್ತದೆ: ಈ ವ್ಯಕ್ತಿ ಬೀಳಬೇಕು, ಇಲ್ಲವೇ ಮುಂದಿನ ಹೆಜ್ಜೆ ಇಡಬೇಕು. ಹೆಬ್ಬಾರರ ನರ್ತಕಿಯರು ನಿಲ್ಲುವುದು ಈ ಸಣ್ಣ ಅಂತರದಲ್ಲಿ. ಆ ಮುಂದಿನ ಹೆಜ್ಜೆಯನ್ನು ಅವರು ಬರೆದಿರುವುದಿಲ್ಲ, ನಾವು ಇಟ್ಟುಕೊಳ್ಳುತ್ತೇವೆ.

ಎರಡನೆಯದು ಗೆರೆಯ ಉದ್ದ. ಭುಜ, ಬೆನ್ನು, ಸೊಂಟ, ತೊಡೆ, ಹಿಮ್ಮಡಿ ಇವನ್ನು ತುಂಡು ತುಂಡಾಗಿ ಜೋಡಿಸದೆ ಒಂದೇ ಉಸಿರಿನಲ್ಲಿ ಎಳೆದರೆ ಕಣ್ಣು ಆ ದಾರಿಯಲ್ಲಿ ಪಯಣ ಮಾಡಬೇಕಾಗುತ್ತದೆ. ಪಯಣಕ್ಕೆ ಸಮಯ ಬೇಕು. ಹಾಗೆ ಕಾಗದದೊಳಗೆ ಕಾಲ ಬರುತ್ತದೆ. ಬಾಗು ಬಿಗಿಯಾದಲ್ಲಿ ಕಣ್ಣು ತಡೆಯುತ್ತದೆ, ಸಡಿಲವಾದಲ್ಲಿ ಓಡುತ್ತದೆ. ವಿಲಂಬಿತ, ದ್ರುತ ಎಂದು ಸಂಗೀತದವರು ಹೇಳುವುದು ಇಲ್ಲಿ ಶಾಯಿಯಲ್ಲಿ ಆಗುತ್ತದೆ.

ಮೂರನೆಯದು ಬಿಟ್ಟದ್ದು. ಅವರ ಎಷ್ಟೋ ರೇಖಾಚಿತ್ರಗಳಲ್ಲಿ ಮುಖಕ್ಕೆ ಕಣ್ಣು ಮೂಗಿನ ವಿವರವಿಲ್ಲ. ನೆಲವಿಲ್ಲ, ಹಿನ್ನೆಲೆಯಿಲ್ಲ, ನೆರಳಿಲ್ಲ. ಆಭರಣ ಒಂದೆರಡು ಚುಕ್ಕೆಯಲ್ಲಿ ಮುಗಿಯುತ್ತದೆ. ಚಹರೆ ಬರೆದ ಕೂಡಲೇ ನಾವು ಇವರು ಯಾರು ಎಂದು ಕೇಳತೊಡಗುತ್ತೇವೆ, ಕುಣಿತ ಹಿಂದೆ ಸರಿಯುತ್ತದೆ. ಚಹರೆ ಇಲ್ಲದಿದ್ದರೆ ಉಳಿಯುವುದು ಚಲನೆ ಮಾತ್ರ. ಖಾಲಿ ಕಾಗದವೇ ರಂಗಸ್ಥಳವಾಗುತ್ತದೆ.

ಬ್ಯಾಲೆ ಎಂದರೂ ಕಥಕ್ ಎಂದರೂ ಯಕ್ಷಗಾನ ಎಂದರೂ ದೇಹ ಮಾಡುವುದು ಮೂರೇ ಕೆಲಸ: ಭಾರ ವರ್ಗಾಯಿಸುವುದು, ಕಾಲವನ್ನು ಹಂಚುವುದು, ಬೇಡದ್ದನ್ನು ಬಿಡುವುದು. ಹೆಬ್ಬಾರರು ನರ್ತಕಿಯ ಹೊರರೂಪವನ್ನು ನಕಲು ಮಾಡುವ ಬದಲು ಈ ಮೂರು ಕೆಲಸಗಳನ್ನು ಗೆರೆಯಿಂದ ಮಾಡಿಸಿದರು. ಹಾಗಾಗಿ ಅವರ ಗೆರೆ ನೃತ್ಯವನ್ನು ಬಿಟ್ಟು ಬೇರೆ ವಸ್ತುವನ್ನು ಮುಟ್ಟಿದಾಗಲೂ ಕುಣಿಯುತ್ತದೆ. ಹೊರೆ ಹೊತ್ತ ಕೂಲಿಯಾಳು, ಬೀದಿಯಲ್ಲಿ ಹಾಡಿ ಬೇಡುವವನು, ಕೋಳಿ ಅಂಕದ ಹುಂಜಗಳು, ಎಲ್ಲದರಲ್ಲೂ ಭಾರ ಎಲ್ಲಿದೆ ಎಂಬುದು ಸ್ಪಷ್ಟ. ಕೂಲಿಯಾಳಿನ ಚಿತ್ರದಲ್ಲಿ ಅದು ಕುಣಿತವಾಗದೆ ಕಷ್ಟವಾಗುತ್ತದೆ, ಅಷ್ಟೇ ವ್ಯತ್ಯಾಸ.

1949-50ರಲ್ಲಿ ಅವರು ಪ್ಯಾರಿಸ್‌ನ ಅಕಾಡೆಮಿ ಜೂಲಿಯಾನ್‌ನಲ್ಲಿ ಅಭ್ಯಾಸ ಮಾಡಿ ಬಂದರು. ಅದಕ್ಕೆ ಸ್ವಲ್ಪ ಮುಂಚೆ, 1947ರಲ್ಲಿ, ಮುಂಬೈಯಲ್ಲಿ ಸೂಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದ್ದರು. ಭಾರತದ ಆಧುನಿಕ ಕಲೆಯ ಚರಿತ್ರೆ ಬರೆಯುವವರು ಹೆಚ್ಚಾಗಿ ಆ ಗುಂಪಿನಿಂದಲೇ ಶುರು ಮಾಡುತ್ತಾರೆ. ಹೆಬ್ಬಾರರು ಆ ಗುಂಪಿನಲ್ಲಿರಲಿಲ್ಲ. ಅದಕ್ಕೆ ಬೆಲೆಯನ್ನೂ ತೆತ್ತರು ಎನ್ನಬೇಕು. ಇಂದಿನ ಹರಾಜು ಮನೆಗಳ ಸದ್ದಿನಲ್ಲಿ ರಜಾ, ಹುಸೇನರ ಹೆಸರು ಕೇಳಿದಷ್ಟು ಹೆಬ್ಬಾರರ ಹೆಸರು ಕೇಳುವುದಿಲ್ಲ. ಅವರ ಚಿತ್ರ ತೀರ ಮಧುರ, ಸಿಟ್ಟು ಸಾಲದು ಎನ್ನುವವರೂ ಇದ್ದಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ. ಅವರ ಕೆಲವು ಗೆರೆಗಳು ಶುಭಾಶಯ ಪತ್ರದ ಅಂಚಿಗೆ ಸುಲಭವಾಗಿ ಹೊಂದಿಕೊಳ್ಳುತ್ತವೆ. ಆದರೆ ಮಾಧುರ್ಯ ಎಂಬುದು ಸುಲಭದಿಂದ ಬಂದದ್ದೋ ದುಡಿಮೆಯಿಂದ ಬಂದದ್ದೋ ಎಂದು ನೋಡಬೇಕು. ಭೀಮಸೇನ ಜೋಶಿಯವರ ಅಭಂಗ ಮಧುರವಾಗಿದೆ ಎಂದು ಅದರ ಹಿಂದಿನ ರಿಯಾಜನ್ನು ಯಾರೂ ಅಲ್ಲಗಳೆಯುವುದಿಲ್ಲ.

ಜೋಶಿಯವರ ಹೆಸರು ಇಲ್ಲಿ ಬಂದದ್ದಕ್ಕೆ ಕಾರಣವಿದೆ. ಗದಗದ ಅವರು ನೆಲೆ ನಿಂತ ಊರು ಪುಣೆ. ಈ ಊರಿನಲ್ಲಿ ಹೆಬ್ಬಾರರ ಕಥೆಗೆ ತಾಗುವ ಇನ್ನೊಂದು ಎಳೆಯೂ ಇದೆ. ರೋಹಿಣಿ ಭಾಟೆಯವರು 1947ರಲ್ಲಿ ಇಲ್ಲಿ ನೃತ್ಯಭಾರತಿ ಎಂಬ ಕಥಕ್ ಶಾಲೆ ತೆರೆದರು. ಮಧ್ಯಮವರ್ಗದ ಮರಾಠಿ ಮನೆಯ ಹುಡುಗಿಯರು ಗೆಜ್ಜೆ ಕಟ್ಟುವುದು ಇನ್ನೂ ಹುಬ್ಬೇರಿಸುವ ವಿಷಯವಾಗಿದ್ದಾಗ ಆರಂಭವಾದ ಶಾಲೆ ಅದು. ರೋಹಿಣಿಯವರ ಗುರುಗಳಲ್ಲಿ ಒಬ್ಬರು ಮೋಹನರಾವ್ ಕಲ್ಯಾಣಪುರ್‌ಕರ್. ಆ ಮೋಹನರಾವ್ ಅವರೂ ಜೈಪುರ ಘರಾಣೆಯ ಪಾಠ ಹೇಳಿಸಿಕೊಂಡದ್ದು ಸುಂದರ ಪ್ರಸಾದರಿಂದಲೇ. ಹೀಗೆ ಒಂದೇ ಗುರುವಿನ ಹೆಜ್ಜೆ ಒಂದು ಕಡೆ ಪುಣೆಯ ನೃತ್ಯಶಾಲೆಗಳಿಗೆ ಹರಿದು ಬಂತು, ಇನ್ನೊಂದು ಕಡೆ ಕಟ್ಟಿಂಗೇರಿಯ ಚಿತ್ರಕಾರನ ಶಾಯಿಗೆ ಇಳಿಯಿತು.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಹೆಬ್ಬಾರರ ಬದುಕಿನಲ್ಲಿ ಯೋಚಿಸಬೇಕಾದ ವಿಷಯ ಇಲ್ಲಿದೆ. ಊರು ಬಿಟ್ಟವರು ಸಾಮಾನ್ಯವಾಗಿ ಊರಿನ ಕಲೆಯನ್ನು ನೆನಪಿನ ವಸ್ತುವಾಗಿ ಇಟ್ಟುಕೊಳ್ಳುತ್ತೇವೆ. ಹಾಲ್‌ನ ಗೋಡೆಗೆ ಯಕ್ಷಗಾನದ ಮುಖವರ್ಣಿಕೆ, ಕನ್ನಡ ಸಂಘದಲ್ಲಿ ವರ್ಷಕ್ಕೊಂದು ತಾಳಮದ್ದಳೆ. ತಪ್ಪೇನಿಲ್ಲ, ಬೇಕಾದ್ದೇ. ಹೆಬ್ಬಾರರು ಅದಕ್ಕೆ ನಿಲ್ಲಲಿಲ್ಲ. ಯಕ್ಷಗಾನದ ಕಿರೀಟವನ್ನು ಮುಂಬೈಗೆ ಹೊತ್ತುಕೊಂಡು ಹೋಗಿ ಅದನ್ನೇ ಬರೆದು ತೋರಿಸಿದ್ದರೆ ಅಲ್ಲಿನವರಿಗೆ ಅದು ಹೊಸದಾಗಿ ಕಾಣುತ್ತಿತ್ತು, ಮಾರಾಟವೂ ಆಗುತ್ತಿತ್ತು. ಅವರು ಆ ನಗರದಲ್ಲಿ ಸಿಕ್ಕ, ಉತ್ತರ ಭಾರತದ, ತಮಗೆ ಏನೂ ಗೊತ್ತಿಲ್ಲದ ನೃತ್ಯವೊಂದನ್ನು ಮೊದಲ ಹೆಜ್ಜೆಯಿಂದ ಕಲಿತರು. ಯಕ್ಷಗಾನ, ಕೋಳಿ ಅಂಕಗಳನ್ನೂ ಅವರು ಬರೆದರು. ಆದರೆ ಅವು ಹೊರಟುಹೋದ ಊರಿನ ನೆನಪಿನ ಚಿತ್ರಗಳಂತೆ ಕಾಣುವುದಿಲ್ಲ. ಹೊಸ ನೆಲದ ತಾಳ ಕಲಿತ ಕಾಲು ಹಳೆಯ ಅಂಗಳಕ್ಕೆ ಮರಳಿ ಬಂದ ಹಾಗಿದೆ.

ನನ್ನ ಕಸುಬಿನ ಕಡೆಯಿಂದಲೂ ಒಂದು ಮಾತು. ಕಂಪ್ಯೂಟರಿನಲ್ಲಿ ಬಾಗಿದ ಗೆರೆ ಎಳೆಯುವ ಗಣಿತವನ್ನು ಜನಪ್ರಿಯ ಮಾಡಿದವರು ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ. ಅದು ನಡೆದದ್ದು 'ದಿ ಸಿಂಗಿಂಗ್ ಲೈನ್' ಬಂದ ಅದೇ 1960ರ ದಶಕದಲ್ಲಿ. ಆ ವಿಧಾನದಲ್ಲಿ 4 ಬಿಂದುಗಳನ್ನು ಕೊಟ್ಟರೆ ಸಾಕು, ನಡುವಿನ ಬಾಗು ತಾನಾಗಿ ಬರುತ್ತದೆ. ಇವತ್ತು ನಿಮ್ಮ ಮೊಬೈಲಿನ ಪ್ರತಿಯೊಂದು ಅಕ್ಷರದ ತಿರುವೂ ಇಂಥ ಬಾಗುಗಳಿಂದಾದದ್ದು. ಎ.ಐ. ಸಾಧನಗಳಿಗೆ ಕೇಳಿದರೆ ನರ್ತಕಿಯ ರೇಖಾಚಿತ್ರ ಅರೆ ನಿಮಿಷದಲ್ಲಿ ಸಿಗುತ್ತದೆ. ಅಪಾರ್ಟ್‌ಮೆಂಟಿನ ಲಾಬಿಗಳಲ್ಲಿ, ಕೆಫೆಗಳ ಗೋಡೆಗಳ ಮೇಲೆ ಅಂಥವು ಬೇಕಾದಷ್ಟು ಇವೆ. ನುಣುಪಾದ ಗೆರೆ, ಬಾಗಿದ ಬೆನ್ನು, ಹಾರುವ ಸೆರಗು. ನೋಡಿದರೆ ಏನೋ ಕೊರತೆ. ಸ್ವಲ್ಪ ಹೊತ್ತು ನಿಂತು ಹುಡುಕಿದರೆ ತಿಳಿಯುತ್ತದೆ: ಆ ನರ್ತಕಿ ಯಾವ ಕಾಲಿನ ಮೇಲೆ ನಿಂತಿದ್ದಾಳೆ ಎಂಬುದು ಆ ಗೆರೆಗೆ ಗೊತ್ತಿಲ್ಲ. ಬಾಗು ಇದೆ, ಭಾರ ಇಲ್ಲ. ಸೌಂದರ್ಯ ಬಾಗಿನಲ್ಲಿದೆ ಎಂದುಕೊಂಡವರು ಮಾಡುವ ಚಿತ್ರ ಅದು. ಹೆಬ್ಬಾರರು ಎರಡು ವರ್ಷ ನೆಲ ಬಡಿದದ್ದು ಆ ಒಂದು ತಿಳಿವಳಿಕೆಗಾಗಿ.

ಅವರಿಗೆ ಗೌರವಗಳು ಕಡಿಮೆಯಾಗಲಿಲ್ಲ. 1961ರಲ್ಲಿ ಪದ್ಮಶ್ರೀ, 1976ರಲ್ಲಿ ಲಲಿತ ಕಲಾ ಅಕಾಡೆಮಿಯ ಫೆಲೋಶಿಪ್, 1989ರಲ್ಲಿ ಪದ್ಮಭೂಷಣ. ವೆನಿಸ್, ಸಾವೊ ಪಾಲೊ, ಟೋಕಿಯೊಗಳ ಅಂತಾರಾಷ್ಟ್ರೀಯ ಪ್ರದರ್ಶನಗಳಲ್ಲಿ ಅವರ ಚಿತ್ರಗಳು ಕಾಣಿಸಿಕೊಂಡವು. ವಯಸ್ಸಾದಂತೆ ಕ್ಯಾನ್ವಾಸಿನ ಬಣ್ಣ ದಪ್ಪವಾಯಿತು, ಆಕೃತಿಗಳು ಕರಗುತ್ತ ಹೋದವು, ಬೆಳಕೇ ವಸ್ತುವಾಯಿತು. ಗೆರೆಯನ್ನು ಮಾತ್ರ ಅವರು ಕೈಬಿಡಲಿಲ್ಲ. 1996ರ ಮಾರ್ಚ್ 26ರಂದು ಮುಂಬೈಯಲ್ಲಿ ತೀರಿಕೊಂಡಾಗ ಅವರು 84 ದಾಟಿ 85ನೆಯ ವರ್ಷದಲ್ಲಿದ್ದರು. ಮಗಳು ರೇಖಾ ರಾವ್ ಕೂಡ ಚಿತ್ರಕಲಾವಿದೆ. ಗೆರೆಯನ್ನೇ ಬದುಕಾಗಿಸಿಕೊಂಡವರ ಮನೆಯಲ್ಲಿ ಆ ಹೆಸರು ಚೆನ್ನಾಗಿ ಒಪ್ಪುತ್ತದೆ.

ಅವರ ಚಿತ್ರಗಳನ್ನು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲೂ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಇರಿಸಲಾಗಿದೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ, ಕಟ್ಟಿಂಗೇರಿಯಿಂದ ದೂರವೇನಲ್ಲ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಮಲ್ಪೆಗೂ ಕೃಷ್ಣಮಠಕ್ಕೂ ಕರೆದೊಯ್ಯುವವರು ಅಲ್ಲಿಗೂ ಅರ್ಧ ಗಂಟೆ ಹೋಗಿ ಬರಬಹುದು. ಹೋದರೆ ಒಂದು ನರ್ತಕಿಯ ರೇಖಾಚಿತ್ರದ ಎದುರು ಮಗುವನ್ನು ನಿಲ್ಲಿಸಿ, ಇವಳು ಈಗ ಯಾವ ಕಾಲು ಎತ್ತುತ್ತಾಳೆ ಹೇಳು ಎಂದು ಕೇಳಿ. ಮಗು ಉತ್ತರ ಹೇಳುವ ಮುಂಚೆ ತನ್ನ ಕಾಲನ್ನೇ ಎತ್ತಿ ನೋಡಿದರೆ ಬಯ್ಯಬೇಡಿ.